ಕಲಬುರಗಿ ಕಡೆ ‘ಹೊಲದಾಗ ಕಸ ಭಾಳ ಆಗ್ಯಾದ’ ಅಂತಾರಲ್ಲ, ಅದು ಯಾವ ಕಸ?

ಕಳೆಗಿಡ. ಕಲಬುರಗಿ, ಬೀದರ್, ಯಾದಗಿರಿ ಕಡೆ ಹೊಲದ ಕಳೆಗೆ ಕಸ ಅಂತಲೇ ರೂಢಿ. ಸಾಲುಗಳ ನಡುವೆ ಕುಂಟೆ ಹಾಯಿಸಿ ಎಡೆ ಹೊಡೆದ ಮೇಲೂ ತೊಗರಿ ಬುಡದಲ್ಲಿ ಉಳಿದದ್ದನ್ನು ಹೆಣ್ಣಾಳುಗಳು ಕೂತು ಖುರ್ಪಿಯಿಂದ ತೆಗೆಯುತ್ತಾರಲ್ಲ, ಅದೇ. ಪಾರ್ಥೇನಿಯಂ ಗಿಡವೂ ‘ಕಾಂಗ್ರೆಸ್ ಕಸ’.

ಆ ಜಾಗದಲ್ಲಿ ಬೇಡವಾದದ್ದೆಲ್ಲ ಕಸ. ಹಾಗಾಗಿ ಮನೆ ಗುಡಿಸಿದ ಧೂಳಿಗೂ ಅದೇ ಮಾತು. ಹೋದ ವರ್ಷ ಉದುರಿದ ತೊಗರಿ ಕಾಳು ಈ ವರ್ಷ ಸೋಯಾ ಸಾಲಿನಲ್ಲಿ ಮೊಳೆತರೆ, ಎಷ್ಟೇ ಒಳ್ಳೆಯ ತಳಿಯಾದರೂ, ಅದೂ ಕಸವೇ.

ಪೇಟೆಯವರು ಗಲಿಬಿಲಿಗೊಳ್ಳುವುದು ದನದ ಕಸದ ವಿಷಯದಲ್ಲಿ. ‘ಆಕಳ ಕಸ ಬಿದ್ದಿಲ್ಲ’ ಅಂದರೆ ಕರು ಹಾಕಿದ ಮೇಲೆ ಮಾಸು ಹೊರಬಂದಿಲ್ಲ ಎಂದು. ಹೊಟ್ಟೆಯೊಳಗೆ ಕರುವಿಗೆ ಆಹಾರ ಮುಟ್ಟಿಸುತ್ತಿದ್ದದ್ದೇ ಅದು. ಕರು ಹೊರಬಿದ್ದ ಕ್ಷಣದಿಂದ ಬೇಡವಾಯಿತು. ಸಾಮಾನ್ಯವಾಗಿ 12 ತಾಸಿನೊಳಗೆ ತಾನಾಗಿ ಬೀಳುತ್ತದೆ. ಬೀಳದಿದ್ದರೆ ಪಶುವೈದ್ಯರನ್ನು ಕರೆಸಿ. ಹೊಲದ ಕಸ ಕಿತ್ತಂತೆ ಕೈಯಿಂದ ಎಳೆಯಲು ಹೋದರೆ ಗರ್ಭಕೋಶಕ್ಕೆ ಗಾಯವಾಗಿ ನಂಜೇರಬಹುದು.