ಕಲ್ಲು ತೆಗೆದ ಹತ್ತನೇ ದಿನ ಮೂತ್ರದಲ್ಲಿ ರಕ್ತ

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ಎಡ ಮೂತ್ರಪಿಂಡದ ದೊಡ್ಡ ಕಲ್ಲನ್ನು ಬೆನ್ನಿನ ಕಡೆಯಿಂದ ರಂಧ್ರ ಮಾಡಿ ತೆಗೆದು (ಪಿಸಿಎನ್‌ಎಲ್), ಡಿಜೆ ಸ್ಟೆಂಟ್ (ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳದೊಳಗೆ ಇರಿಸುವ ಮೆದು ಕೊಳವೆ) ಹಾಕಿದ್ದಾರೆ. ಮನೆಗೆ ಬರುವಾಗ ಮೂತ್ರ ತಿಳಿಯಾಗಿತ್ತು. 10ನೇ ದಿನ ಇದ್ದಕ್ಕಿದ್ದಂತೆ ಕಡುಗೆಂಪಾಗಿ, ಎರೆಹುಳುವಿನಂತಹ ಹೆಪ್ಪುಗಳೊಡನೆ ಬಂದು, ಮರುದಿನ ತಾನಾಗಿಯೇ ನಿಂತಿತು. ಸ್ಟೆಂಟ್ ಇದ್ದರೆ ಇದು ಸಹಜವೆಂದು ಬಂಧುಗಳು ಹೇಳುತ್ತಾರೆ. ಹೃದಯಕ್ಕಾಗಿ ತೆಗೆದುಕೊಳ್ಳುತ್ತಿದ್ದು, ಈಗ ನಿಲ್ಲಿಸಿರುವ ಆಸ್ಪಿರಿನ್ ಮತ್ತೆ ಶುರುಮಾಡಬಹುದೇ?

ಉತ್ತರ: ರಕ್ತ ನಿಂತಿದೆಯೆಂದು ಸಮಾಧಾನಪಡದೆ, ಇಂದೇ ಅವರನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೆ ಕರೆದೊಯ್ಯಿರಿ. ನಿಮ್ಮ ಬಂಧುಗಳ ಮಾತು ಅರ್ಧ ನಿಜ: ಸ್ಟೆಂಟ್ ಉಜ್ಜುವುದರಿಂದ, ಅದರಲ್ಲೂ ಹೆಚ್ಚು ಓಡಾಡಿದ ದಿನ, ಮೂತ್ರ ನಸುಗೆಂಪಾಗುವುದುಂಟು, ಆದರೆ ಅದನ್ನು ಗಾಜಿನ ಲೋಟದಲ್ಲಿ ಹಿಡಿದರೆ ಆಚೆ ಬದಿ ಕಾಣುತ್ತದೆ. ಕಡುಗೆಂಪು ಬಣ್ಣ ಮತ್ತು ಉದ್ದನೆಯ ಹೆಪ್ಪುಗಳ ಕಥೆ ಬೇರೆ. ಅಂತಹ ಹೆಪ್ಪುಗಳು ಮೂತ್ರನಾಳದ ಅಚ್ಚಿನಲ್ಲಿ ರೂಪುಗೊಳ್ಳುವುದರಿಂದ, ರಕ್ತ ಮೇಲಿನಿಂದ, ಅಂದರೆ ಮೂತ್ರಪಿಂಡದಿಂದಲೇ ಬರುತ್ತಿದೆ ಎಂಬುದನ್ನು ಸೂಚಿಸುತ್ತವೆ.

ರಂಧ್ರ ಮಾಡುವಾಗ ಗಾಯಗೊಂಡ ಅಭಿಧಮನಿಯ (ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ) ರಕ್ತಸ್ರಾವ ಸಾಮಾನ್ಯವಾಗಿ ಒತ್ತಡ ಮತ್ತು ವಿಶ್ರಾಂತಿಯಿಂದ ನಿಲ್ಲುತ್ತದೆ. ಅಪಧಮನಿಗೆ (ಹೃದಯದಿಂದ ಒತ್ತಡದಲ್ಲಿ ರಕ್ತ ತರುವ ನಾಳ) ಪೆಟ್ಟಾಗಿದ್ದರೆ ಅದರ ಪಕ್ಕದಲ್ಲಿ ತೆಳುವಾದ ರಕ್ತದ ಚೀಲವೊಂದು ಬೆಳೆದು, ಒಂದರಿಂದ ಮೂರು ವಾರಗಳ ನಡುವೆ ಒಡೆಯಬಹುದು. ಹೆಪ್ಪು ಅಡ್ಡ ಬಂದಾಗ ನಿಂತು, ಕರಗಿದಾಗ ಮತ್ತೆ ಹರಿಯುವುದು ಇದರ ಸ್ವಭಾವ. ಇದು ಅಪರೂಪ, ಆದರೆ ನೀವು ಬರೆದಿರುವ ದಿನಗಳ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ.

ಆಸ್ಪತ್ರೆಯಲ್ಲಿ ರಕ್ತದೊತ್ತಡ, ಹಿಮೋಗ್ಲೋಬಿನ್, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ಪರೀಕ್ಷಿಸಿ, ಅಗತ್ಯವಿದ್ದರೆ ಸಿಟಿ ಆಂಜಿಯೋಗ್ರಾಮ್ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಮಾಡುತ್ತಾರೆ. ಅಪಧಮನಿಯ ಒಡೆದ ಕವಲು ಕಂಡುಬಂದರೆ ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದ ಮೂಲಕ ಸಪೂರವಾದ ಕೊಳವೆ ಕಳಿಸಿ, ಆ ಕವಲನ್ನು ಮಾತ್ರ ಲೋಹದ ಸುರುಳಿಯಿಂದ ಮುಚ್ಚುತ್ತಾರೆ. ಉಳಿದ ಮೂತ್ರಪಿಂಡ ಬಹುಮಟ್ಟಿಗೆ ಉಳಿಯುತ್ತದೆ. ಅದನ್ನೇ ತೆಗೆಯಬೇಕಾದ ಪ್ರಸಂಗ ಈಗ ತೀರಾ ವಿರಳ.

ಹೆಪ್ಪು ಸಿಕ್ಕಿ ಮೂತ್ರ ಕಟ್ಟಿಕೊಂಡರೆ ಇನ್ನಷ್ಟು ನೀರು ಕುಡಿಸುವುದನ್ನು ಅನೇಕರು ಮಾಡುತ್ತಾರೆ; ಅದರಿಂದ ಮೂತ್ರಕೋಶ ಇನ್ನಷ್ಟು ಉಬ್ಬುತ್ತದೆಯೇ ಹೊರತು ದಾರಿ ತೆರೆಯುವುದಿಲ್ಲ. ಕ್ಯಾತಿಟರ್ (ಮೂತ್ರಕೋಶಕ್ಕೆ ತೂರಿಸುವ ಕೊಳವೆ) ಹಾಕಿ ಹೆಪ್ಪುಗಳನ್ನು ತೊಳೆದು ತೆಗೆಯಬೇಕಾಗುತ್ತದೆ. ತಲೆಸುತ್ತು, ತಣ್ಣನೆಯ ಬೆವರು, ವೇಗದ ನಾಡಿ ಅಥವಾ ಚಳಿಜ್ವರ ಕಂಡರೆ ರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಿ.

ಆಸ್ಪಿರಿನ್ ವಿಷಯದಲ್ಲಿ ಮೂತ್ರರೋಗ ತಜ್ಞರೂ ಹೃದ್ರೋಗ ತಜ್ಞರೂ ಮಾತಾಡಿಕೊಂಡು ದಿನ ನಿಗದಿಪಡಿಸಲಿ. ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳನ್ನೂ ನೀವಾಗಿ ಕೊಡಬೇಡಿ. ಹೊರಡುವಾಗ ಡಿಸ್ಚಾರ್ಜ್ ಸಾರಾಂಶ ಜೊತೆಗಿರಲಿ.