ವಿಸಿಟಿಂಗ್ ಕಾರ್ಡ್: ಕಾಗದದ್ದು ಸಾಕೆ, ಮೊಬೈಲಿಗೆ ತಾಗಿಸುವುದು ಬೇಕೆ?

ಪ್ರಶ್ನೆ: ಆಲ್ದೂರಿನ ಬಳಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ತೋಟದ ಕಾಫಿಯನ್ನು ಹುರಿದು, ಪುಡಿ ಮಾಡಿ ಮಾರುತ್ತೇವೆ. ವಿಸಿಟಿಂಗ್ ಕಾರ್ಡ್ ಮುಗಿದಿದ್ದರಿಂದ ಮತ್ತೆ ಒಂದು ಸಾವಿರ ಹಾಕಿಸೋಣ ಎಂದುಕೊಂಡಿದ್ದೆ. ಬೆಂಗಳೂರಿನಲ್ಲಿರುವ ಮಗ, ಈಗ ಕಾಗದದ ಕಾರ್ಡನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಮೊಬೈಲಿಗೆ ತಾಗಿಸುವ ಡಿಜಿಟಲ್ ಕಾರ್ಡ್ ಮಾಡಿಸೋಣ ಎನ್ನುತ್ತಾನೆ. ಯಾವುದು ಒಳ್ಳೆಯದು?
– ಓದುಗರು, ಚಿಕ್ಕಮಗಳೂರು ತಾಲ್ಲೂಕು

ಉತ್ತರ: ಕಾಗದದ್ದನ್ನೇ ಹಾಕಿಸಿ, ಆದರೆ ಸಾವಿರ ಬೇಡ. ಹಿಂಬದಿಯ ಒಂದು ಮೂಲೆಯಲ್ಲಿ ಕ್ಯೂಆರ್ ಕೋಡ್ ಇರಲಿ, ಉಳಿದ ಜಾಗ ಖಾಲಿ ಇರಲಿ.

ಮಗ ಹೇಳುತ್ತಿರುವುದು ಎನ್‌ಎಫ್‌ಸಿ ಕಾರ್ಡ್. ಅದರೊಳಗೆ ಬ್ಯಾಟರಿ ಇಲ್ಲದ ಒಂದು ಚಿಪ್ ಇರುತ್ತದೆ. ಮೊಬೈಲ್ ಸುಮಾರು 4 ಸೆಂಟಿಮೀಟರ್ ಹತ್ತಿರಕ್ಕೆ ಬಂದಾಗ ಅದರಿಂದಲೇ ಶಕ್ತಿ ಪಡೆದು ಎಚ್ಚರಗೊಳ್ಳುತ್ತದೆ. ನೋಡಲು ಸೊಗಸು, ಒಪ್ಪುತ್ತೇನೆ. ಆದರೆ ಇಂಥ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಎನ್‌ಟ್ಯಾಗ್ 213 ಚಿಪ್‌ನಲ್ಲಿ ಮಾಹಿತಿಗೆ ಸಿಗುವ ಜಾಗ 144 ಬೈಟ್, ಅಂದರೆ ಸುಮಾರು 144 ಇಂಗ್ಲಿಷ್ ಅಕ್ಷರಗಳಷ್ಟು ಮಾತ್ರ. ಹಾಗಾಗಿ ಹೆಚ್ಚಿನವುಗಳಲ್ಲಿ ತುಂಬಿರುವುದು ಒಂದು ವೆಬ್ ಕೊಂಡಿ. ಅದನ್ನು ತೆರೆಯಲು ಇಂಟರ್ನೆಟ್ ಬೇಕು. ತೋಟದ ನಡುವೆ ಸಿಗ್ನಲ್ ಹುಡುಕುತ್ತಾ ಅಂಗಳದ ಮೂಲೆಗೆ ಹೋಗಿ ನಿಲ್ಲುವ ಅತಿಥಿಗಳನ್ನು ನೀವೇ ನೋಡಿರುತ್ತೀರಿ. ಮೇಲಾಗಿ, ಕಡಿಮೆ ಬೆಲೆಯ ಬಹಳಷ್ಟು ಫೋನ್‌ಗಳಲ್ಲಿ ಎನ್‌ಎಫ್‌ಸಿ ಇರುವುದೇ ಇಲ್ಲ.

ನಿಮ್ಮ ಮಗ ಮರೆತಿರುವುದು ಟ್ಯಾಕ್ಸಿ ಮತ್ತು ಜೀಪ್ ಚಾಲಕರನ್ನು. ‘ಇಲ್ಲೇ ಹತ್ತಿರ ಒಳ್ಳೆಯ ಮನೆ ಇದ್ದರೆ ಹೇಳಿ’ ಎಂದು ಮುಳ್ಳಯ್ಯನಗಿರಿಯಿಂದ ಇಳಿಯುವ ಪ್ರವಾಸಿ ಕೇಳುವುದು ಅವರನ್ನು. ಆಗ ಅವರು ಡ್ಯಾಶ್‌ಬೋರ್ಡಿನಿಂದ ಒಂದು ಕಾರ್ಡ್ ತೆಗೆದು ಕೊಡುತ್ತಾರೆ. ತಾಗಿಸುವ ಕಾರ್ಡ್ ಇರುವುದು ಒಂದೇ, ಅದೂ ನಿಮ್ಮ ಕೈಯಲ್ಲಿ. ಹತ್ತು ಚಾಲಕರಿಗೆ ಹಂಚಲು ಆಗುವುದಿಲ್ಲ. ಬೆಂಗಳೂರಿನ ಕಾಫಿ ಮೇಳಕ್ಕೋ ರಫ್ತುದಾರರ ಭೇಟಿಗೋ ಹೋಗುವವರಾದರೆ ಅದನ್ನೂ ಒಂದು ಇಟ್ಟುಕೊಳ್ಳಬಹುದು.

ಇನ್ನು ಕ್ಯೂಆರ್. ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಜಪಾನಿನ ಡೆನ್ಸೊ ಕಂಪನಿ 1994ರಲ್ಲಿ ರೂಪಿಸಿದ ಈ ಚೌಕ ಈಗ ಎಳನೀರಿನ ಗಾಡಿಯ ಮೇಲೂ ಇದೆ. ಇದರಲ್ಲಿ ಎರಡು ಬಗೆ. ಒಂದರಲ್ಲಿ ನಿಮ್ಮ ಹೆಸರು, ಸಂಖ್ಯೆಗಳು ಕೋಡಿನ ಒಳಗೇ ಇರುತ್ತವೆ. ಸ್ಕ್ಯಾನ್ ಮಾಡಿದ ಕೂಡಲೇ ನೆಟ್ ಇಲ್ಲದೆಯೂ ಸಂಪರ್ಕ ಪಟ್ಟಿಗೆ ಸೇರಿಸಿಕೊಳ್ಳಬಹುದು. ಇನ್ನೊಂದು ‘ಡೈನಾಮಿಕ್’. ಕೋಡಿನಲ್ಲಿರುವುದು ಯಾವುದೋ ಕಂಪನಿಯ ಕೊಂಡಿ. ಮುದ್ರಿಸಿದ ಮೇಲೂ ಮಾಹಿತಿ ಬದಲಿಸಬಹುದು ಎಂಬುದು ಅದರ ಅನುಕೂಲ. ಆದರೆ ಚಂದಾ ಕಟ್ಟುವುದನ್ನು ನಿಲ್ಲಿಸಿದರೆ ಹಂಚಿದ ಅಷ್ಟೂ ಕಾರ್ಡ್‌ಗಳ ಕೋಡ್ ಕುರುಡಾಗಬಹುದು. ಮನೆಯೂ ತೋಟವೂ ಇದ್ದಲ್ಲೇ ಇರುತ್ತವೆ, ಫೋನ್ ಸಂಖ್ಯೆಯೂ ಬದಲಾಗದು. ನಿಮಗೆ ಮೊದಲನೆಯದೇ ಸರಿ.

ಕೋಡಿನೊಳಗೆ ಏನು ಹಾಕಬೇಕು ಎಂಬುದರ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಆರು ತಿಂಗಳ ನಂತರ ನಿಮ್ಮ ಕಾಫಿ ಪುಡಿ ಬೇಕೆನಿಸಿದ ಅತಿಥಿಗೆ ನಿಮ್ಮ ಹೆಸರು ನೆನಪಿರುವುದಿಲ್ಲ. ಅವರು ಫೋನಿನಲ್ಲಿ ‘ಆಲ್ದೂರು’ ಎಂದೋ ‘ಕಾಫಿ’ ಎಂದೋ ಹುಡುಕುತ್ತಾರೆ, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ. ಆದ್ದರಿಂದ ಕೋಡಿನಲ್ಲಿ ಹೆಸರಿನ ಜೊತೆಗೆ ಊರು, ಕೆಲಸ ಎರಡೂ ಇಂಗ್ಲಿಷ್ ಲಿಪಿಯಲ್ಲಿರಲಿ. ಕನ್ನಡಾಭಿಮಾನಿಗಳು ಸಿಟ್ಟಾಗಬಾರದು, ಇದಕ್ಕೆ ಇನ್ನೊಂದು ಕಾರಣವೂ ಇದೆ. ಈಗಿನ ಫೋನುಗಳೆಲ್ಲ ಓದುವ ಅಕ್ಷರ ಸಂಕೇತವಾದ ಸಾಮಾನ್ಯ ಯೂನಿಕೋಡ್ ಪಠ್ಯದಲ್ಲಿ ‘ಚಿಕ್ಕಮಗಳೂರು’ ಎಂದು ಕನ್ನಡದಲ್ಲಿ ಬರೆದರೆ 33 ಬೈಟ್, ಇಂಗ್ಲಿಷ್ ಲಿಪಿಯಲ್ಲಾದರೆ 14. ಪೂರ್ತಿ ವಿಳಾಸವನ್ನು ಕನ್ನಡದಲ್ಲಿ ತುರುಕಿದರೆ ಚುಕ್ಕೆಗಳು ದಟ್ಟವಾಗಿ, ಎರಡು ಸೆಂಟಿಮೀಟರ್ ಅಗಲದ ಚೌಕವನ್ನು ಹಳೆಯ ಕ್ಯಾಮೆರಾಗಳು ಓದಲು ತಿಣುಕುತ್ತವೆ. ಕಾರ್ಡಿನ ಮುಂಬದಿಯಲ್ಲಿ ಕನ್ನಡ ದೊಡ್ಡದಾಗಿ, ಧಾರಾಳವಾಗಿ ಇರಲಿ.

ಕೋಡಿನಲ್ಲೂ ಕನ್ನಡ ಬೇಕೇ ಬೇಕೆಂದರೆ, ಅದು ಯೂನಿಕೋಡ್ ಎಂದು ಪ್ರೆಸ್ಸಿನವರಲ್ಲಿ ಖಚಿತಪಡಿಸಿಕೊಳ್ಳಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಜೋಡಿಸಿದ ಅಕ್ಷರ ಕಾಗದದ ಮೇಲೆ ಅಂದವಾಗಿಯೇ ಬರುತ್ತದೆ. ಅದನ್ನೇ ಕೋಡಿಗೆ ಅಂಟಿಸಿದರೆ ಅತಿಥಿಯ ಫೋನಿನಲ್ಲಿ ಮೂಡುವುದು ತಲೆಬುಡವಿಲ್ಲದ ಚಿಹ್ನೆಗಳ ಸಾಲು. ಒಂದು ಮಾದರಿ ಕಾರ್ಡ್ ತೆಗೆಸಿ, ನೆಟ್ ಆರಿಸಿ, ಮೂರು ನಾಲ್ಕು ಬೇರೆ ಬೇರೆ ಫೋನ್‌ಗಳಲ್ಲಿ ಸ್ಕ್ಯಾನ್ ಮಾಡಿ ನೋಡಿದ ಮೇಲೆಯೇ ಉಳಿದವನ್ನು ಅಚ್ಚು ಮಾಡಿಸಿ. ಕೋಡಿನ ಕೆಳಗೆ ‘ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿ, ಸಂಖ್ಯೆ ಉಳಿಸಿಕೊಳ್ಳಿ’ ಎಂಬ ಸಾಲು ಬೇಕು. ಇಲ್ಲದಿದ್ದರೆ ನಮ್ಮ ಜನ ಪಾವತಿ ಆ್ಯಪ್ ತೆರೆದು, ಎಷ್ಟು ಹಾಕಬೇಕು ಎಂದು ಕೇಳುತ್ತಾರೆ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕ) ಇದ್ದರೆ ಸಾಕು. ಹೊಳಪಿನ ಲ್ಯಾಮಿನೇಷನ್ ಬೇಡ, ಅದರ ಮೇಲೆ ಬಾಲ್‌ಪೆನ್ ಜಾರುತ್ತದೆ. ಖಾಲಿ ಜಾಗ ಬಿಡಿ ಎಂದದ್ದು ಬರೆಯುವುದಕ್ಕಾಗಿಯೇ: ‘ಅರೇಬಿಕಾ ಅರ್ಧ ಕೆ.ಜಿ., ಚಿಕೋರಿ ಬೇಡ’ ಎಂದು ನಿಮ್ಮ ಕೈಯಾರೆ ಬರೆದುಕೊಟ್ಟ ಕಾರ್ಡನ್ನು ಬಿಸಾಡುವವರು ಕಡಿಮೆ. ಡಿಜಿಟಲ್ ಮುದ್ರಣದಲ್ಲಿ ನೂರು ನೂರರಂತೆ ಹಾಕಿಸಬಹುದು. ಮಳೆಗಾಲದಲ್ಲಿ ಮುಚ್ಚಳವಿರುವ ಡಬ್ಬಿಯಲ್ಲಿಡಿ, ಮಲೆನಾಡಿನ ತೇವಕ್ಕೆ ಕಾರ್ಡ್ ಸೊಟ್ಟಗಾಗುತ್ತದೆ.

ಪ್ರಶ್ನೆ: ಹಾಸನದಲ್ಲಿ ಹೊಸದಾಗಿ ವಕೀಲಿ ವೃತ್ತಿ ಆರಂಭಿಸಿದ್ದೇನೆ. ‘ಜಮೀನು ವ್ಯಾಜ್ಯಗಳ ತಜ್ಞ’ ಎಂದು ಬರೆದ ಡಿಜಿಟಲ್ ಕಾರ್ಡನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬಹುದೇ?
– ಓದುಗರು, ಹಾಸನ

ಉತ್ತರ: ಹಾಕಬೇಡಿ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದಂತೆ ವಕೀಲರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೆಲಸ ಕೋರುವಂತಿಲ್ಲ, ಜಾಹೀರಾತು ನೀಡುವಂತಿಲ್ಲ. ನಾಮಫಲಕದಲ್ಲಾಗಲಿ ವೃತ್ತಿಯ ಕಾಗದಪತ್ರಗಳಲ್ಲಾಗಲಿ ಇಂಥ ಬಗೆಯ ಪ್ರಕರಣಗಳಲ್ಲಿ ಪರಿಣತ ಎಂದು ಬರೆದುಕೊಳ್ಳಲೂ ಅವಕಾಶವಿಲ್ಲ. 2008ರ ತಿದ್ದುಪಡಿಯ ನಂತರ, ಪರಿಷತ್ತಿಗೆ ತಿಳಿಸಿ, ಅದು ಒಪ್ಪಿದಂತೆ, ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ದೂರವಾಣಿ, ನೋಂದಣಿ ವಿವರ, ವಿದ್ಯಾರ್ಹತೆ, ವಕಾಲತ್ತಿನ ಕ್ಷೇತ್ರಗಳನ್ನು ನೀಡಬಹುದು. ಅದು ವೆಬ್‌ಸೈಟಿಗೆ ಕೊಟ್ಟ ರಿಯಾಯಿತಿ, ವಾಟ್ಸ್‌ಆ್ಯಪ್ ಗುಂಪಿಗಲ್ಲ. ‘ತಜ್ಞ’ ಎಂಬ ಸಾಲನ್ನು ತೆಗೆದು, ಹೆಸರು, ಪದವಿ, ನೋಂದಣಿ ಸಂಖ್ಯೆ, ಕಚೇರಿಯ ವಿಳಾಸ, ಫೋನ್ ಇರುವ ಕಾರ್ಡ್ ಮಾಡಿಸಿ. ಕೇಳಿದವರಿಗೆ ಮಾತ್ರ ಕೊಡಿ.