ಓದುಗರ ಪ್ರಶ್ನೆ: ಅಣುಮೋಡದ ಎಷ್ಟು ಪಾಲು ನಕ್ಷತ್ರವಾಗುತ್ತದೆ?

ಪ್ರಶ್ನೆ: ದೈತ್ಯ ಅಣುಮೋಡಗಳಲ್ಲಿ (ನಕ್ಷತ್ರಗಳ ನಡುವಿನ ತಣ್ಣಗಿನ ಹೈಡ್ರೋಜನ್ ಅನಿಲದ ಬೃಹತ್ ಮೋಡಗಳಲ್ಲಿ) ನಕ್ಷತ್ರ ಹುಟ್ಟುವ ದಕ್ಷತೆ ಶೇ. 1 ಎಂದು ಒಂದು ಕಡೆ, ಶೇ. 5 ಎಂದು ಇನ್ನೊಂದು ಕಡೆ, ಶೇ. 30 ಎಂದು ಮತ್ತೊಂದು ಕಡೆ ಓದಿದೆ. ಯಾವುದು ಸರಿ? ನಮ್ಮೂರಿನಿಂದ ಬೈನಾಕ್ಯುಲರಿನಲ್ಲಿ ಇಂಥ ಮೋಡ ಕಾಣುತ್ತದೆಯೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಕಾರವಾರ

ಉತ್ತರ: ಮೂರೂ ಸರಿ, ಮೂರೂ ಬೇರೆ ಬೇರೆ ಲೆಕ್ಕ.

ಶೇ. 1 ವೇಗದ ಲೆಕ್ಕ. ಘನ ಸೆಂಟಿಮೀಟರಿಗೆ 100 ಹೈಡ್ರೋಜನ್ ಅಣುಗಳಿರುವ ಮೋಡ, ತಡೆಯುವವರಿಲ್ಲದಿದ್ದರೆ, ತನ್ನದೇ ಗುರುತ್ವಕ್ಕೆ ಸುಮಾರು 30 ಲಕ್ಷ ವರ್ಷಗಳಲ್ಲಿ ಕುಸಿಯಬೇಕು. ಕ್ಷೀರಪಥದಲ್ಲಿ ಇಂಥ ಅನಿಲ ಸುಮಾರು 100 ಕೋಟಿ ಸೂರ್ಯರ ರಾಶಿಯಷ್ಟಿದೆ. ಅಂದರೆ ವರ್ಷಕ್ಕೆ 300 ಸೂರ್ಯರಷ್ಟು ನಕ್ಷತ್ರಗಳು ಹುಟ್ಟಬೇಕಿತ್ತು. ಹುಟ್ಟುವುದು ಸುಮಾರು 2ರಷ್ಟು, ಅಂದರೆ ಶೇ. 1ರ ಆಸುಪಾಸು. 1974ರಲ್ಲಿ ಖಗೋಳ ವಿಜ್ಞಾನಿಗಳಾದ ಜುಕರ್‌ಮನ್ ಮತ್ತು ಇವಾನ್ಸ್ ಈ ವ್ಯತ್ಯಾಸವನ್ನು ಎತ್ತಿ ತೋರಿಸಿದರು. ಶೇ. 5 ಮೋಡದ ಇಡೀ ಆಯುಷ್ಯದ ಲೆಕ್ಕ, ಶೇ. 30 ಒಳಗಿನ ದಟ್ಟ ಗಂಟುಗಳದ್ದು ಮಾತ್ರ.

ನೀವೇ ಲೆಕ್ಕ ಹಾಕಿ ನೋಡಿ. ಓರಿಯನ್ ನಕ್ಷತ್ರಪುಂಜದ ‘ಓರಿಯನ್ ಎ’ ಅಣುಮೋಡದಲ್ಲಿ ಅವಕೆಂಪು ಬೆಳಕಿನಲ್ಲಿ ಎಣಿಸಿದ ಎಳೆಯ ನಕ್ಷತ್ರಗಳು ಸುಮಾರು 3000. ತಲಾ ಅರ್ಧ ಸೂರ್ಯನಂತೆ 1500 ಸೂರ್ಯರಷ್ಟು. ಅನಿಲ ಸುಮಾರು 1 ಲಕ್ಷ ಸೂರ್ಯರಷ್ಟು. ನಕ್ಷತ್ರದ ರಾಶಿಯನ್ನು ನಕ್ಷತ್ರ ಮತ್ತು ಅನಿಲ ಎರಡರ ಮೊತ್ತದಿಂದ ಭಾಗಿಸಿದರೆ ಶೇ. 1.5. ಎಡವುವುದು ಇಲ್ಲೇ: ಎಳೆಯ ನಕ್ಷತ್ರವನ್ನು ಗುರುತಿಸುವುದು ಅದರ ಸುತ್ತಲಿನ ಧೂಳಿನ ತಟ್ಟೆಯಿಂದ; ಅದನ್ನು ಕಳೆದುಕೊಂಡ ನಕ್ಷತ್ರ ಎಣಿಕೆಗೆ ಸಿಗುವುದಿಲ್ಲ. ತಣ್ಣಗಿನ ಹೈಡ್ರೋಜನ್ ಅಣು ಬೆಳಕು ಸೂಸದ ಕಾರಣ ಅನಿಲವನ್ನು ಕಾರ್ಬನ್ ಮೋನಾಕ್ಸೈಡಿನ 2.6 ಮಿ.ಮೀ. ರೇಡಿಯೋ ಅಲೆಯಿಂದಲೋ ಧೂಳಿನಿಂದಲೋ ಅಂದಾಜಿಸಬೇಕು. ಅನಿಲವೆಲ್ಲ ಚದುರಿಹೋದ ನಕ್ಷತ್ರಗುಚ್ಛಕ್ಕೆ ಇದೇ ಸೂತ್ರ ಹಾಕಿದರೆ ಶೇ. 100 ಬಂದುಬಿಡುತ್ತದೆ! ಹಾಗಾಗಿ ಮೋಡದ ವಯಸ್ಸು ಹೇಳದ ದಕ್ಷತೆಯ ಅಂಕಿಗೆ ಅರ್ಥವಿಲ್ಲ.

ಇಷ್ಟು ಕಡಿಮೆ ಏಕೆ? 10 ಕೆಲ್ವಿನ್ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ 0.2 ಕಿ.ಮೀ.; ಮೋಡದೊಳಗಿನ ಸುಳಿಗಳದ್ದು ಹಲವು ಕಿ.ಮೀ. ಈ ಕಲಕಾಟ, ಜೊತೆಗೆ ಕಾಂತಕ್ಷೇತ್ರ, ಕುಸಿತವನ್ನು ತಡೆಹಿಡಿಯುತ್ತವೆ. ಆದರೆ ದೊಡ್ಡ ಹೊಡೆತ ಹುಟ್ಟಿದ ನಕ್ಷತ್ರಗಳದ್ದೇ. ಭಾರೀ ನಕ್ಷತ್ರದ ಅತಿನೇರಳೆ ಬೆಳಕು ಸುತ್ತಲಿನ ಅನಿಲವನ್ನು 10,000 ಕೆಲ್ವಿನ್‌ಗೆ ಕಾಯಿಸುತ್ತದೆ. ಅದು ಹಿಗ್ಗಿ ಮೋಡವನ್ನು ಒಡೆಯುತ್ತದೆ.

ಇದನ್ನೇ ನೀವು ನೋಡಬಹುದು. ಡಿಸೆಂಬರಿನಲ್ಲಿ ರಾತ್ರಿ 9ರ ಹೊತ್ತಿಗೆ ಓರಿಯನ್ ಪೂರ್ವಕ್ಕೆ ಘಟ್ಟದ ಮೇಲೆ ಬಂದಿರುತ್ತದೆ. ನಡುಪಟ್ಟಿಯ ಮೂರು ನಕ್ಷತ್ರಗಳ ದಕ್ಷಿಣಕ್ಕೆ, ಖಡ್ಗದ ನಡುವೆ, 10×50 ಬೈನಾಕ್ಯುಲರಿನಲ್ಲಿ ಕಾಣುವ ಬೂದು ಮಸುಕು ಸುಮಾರು 1,350 ಜ್ಯೋತಿರ್ವರ್ಷ ದೂರದ ನೀಹಾರಿಕೆ. ಅದು ಮೋಡವಲ್ಲ, ಮೋಡದ ಈಚೆ ಮೈ ಬೆಂದು ಕಿತ್ತುಬರುತ್ತಿರುವ ಜಾಗ. ಮೋಡ ಅದರ ಹಿಂದೆ ಕತ್ತಲಲ್ಲಿದೆ. ಮೇ ತನಕ ಕಾಯಬೇಡಿ, ಆಗ ಓರಿಯನ್ ಸಂಜೆಯೇ ಕಡಲ ಮೇಲಿನ ಮಬ್ಬಿಗೆ ಇಳಿದಿರುತ್ತದೆ.